ಒಂಬತ್ತು ಇಂಚಿನೊಳಗಿನ ಲೆಕ್ಕ

ಮಕ್ಕಳೇ, ಕಾರಿನ ಎಂಜಿನ್ನಿನ ಅಶ್ವಶಕ್ತಿ ಹೆಚ್ಚಿಸಲು ಏನು ಮಾಡಬೇಕು? ಅಂಗಡಿಯಲ್ಲಿ ಸಿಗುವ ಅತಿ ಗಟ್ಟಿಯಾದ ಭಾಗಗಳನ್ನೆಲ್ಲ ತಂದು ಜೋಡಿಸಿದರೆ ಸಾಕೇ? ಸಾಲದು. ಹಾಗೆ ಜೋಡಿಸಿದ ಎಂಜಿನ್ ಒಂದು ಸುತ್ತೂ ತಿರುಗದೆ ನಿಂತುಬಿಡಬಹುದು. ಭಾಗಗಳು ಗಟ್ಟಿಯಾಗಿದ್ದರಷ್ಟೇ ಆಗದು, ಒಂದಕ್ಕೊಂದು ಹೊಂದಲೂ ಬೇಕು.

ಸಿಲಿಂಡರ್ ಎಂಬ ಕೊಳವೆಯಲ್ಲಿ ಪೆಟ್ರೋಲ್ ಉರಿದಾಗ ಪಿಸ್ಟನ್ ಕೆಳಕ್ಕೆ ಜಾರುತ್ತದೆ. ಅದಕ್ಕೆ ಅಂಟಿಕೊಂಡ ಕನೆಕ್ಟಿಂಗ್ ರಾಡ್, ಕೆಳಗಿನ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತದೆ. ಅಜ್ಜಿಯ ಕಾಲದ ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ. ಕಾಲಿನಲ್ಲಿ ತುಳಿದರೆ ಚಕ್ರ ತಿರುಗುತ್ತಿತ್ತಲ್ಲ, ಇದೂ ಹಾಗೆಯೇ.

ಅಮೆರಿಕದ ಷೆವರ್ಲೆ ಕಂಪನಿ 1967ರಲ್ಲಿ ‘350’ ಎಂಬ ಎಂಟು ಸಿಲಿಂಡರಿನ ಎಂಜಿನ್ ತಂದಿತು. ಎಂಟೂ ಪಿಸ್ಟನ್‌ಗಳು ಓಡಾಡುವ ಜಾಗ ಒಟ್ಟು 350 ಘನ ಇಂಚು. ಅದೇ ಅದರ ಹೆಸರು. 1970ರಲ್ಲಿ ಅದೇ ವಂಶದ ‘400’ ಬಂತು. 350ರಲ್ಲಿ ಪಿಸ್ಟನ್ನಿನ ಓಡಾಟ 3.48 ಇಂಚು, 400ರಲ್ಲಿ 3.75 ಇಂಚು. ಓಡಾಟ ಹೆಚ್ಚಿದರೆ ಶಕ್ತಿಯೂ ಹೆಚ್ಚು. ಹಾಗಾಗಿ ಅಲ್ಲಿನ ಹವ್ಯಾಸಿಗಳು 400ರ ಕ್ರ್ಯಾಂಕನ್ನು 350ರೊಳಗೆ ಕೂರಿಸಲು ಹೊರಟರು.

ಇಲ್ಲಿ ಲೆಕ್ಕ ಬಂತು. ಕ್ರ್ಯಾಂಕಿನ ನಡುಮಧ್ಯದಿಂದ ಬ್ಲಾಕಿನ ಮೇಲಂಚಿಗೆ 9.025 ಇಂಚು. ಅಷ್ಟರೊಳಗೆ ಮೂರು ಅಳತೆ ಹಿಡಿಸಬೇಕು: ಓಡಾಟದ ಅರ್ಧ, ರಾಡಿನ ಉದ್ದ, ಪಿಸ್ಟನ್ನಿನ ಪಿನ್ನಿನಿಂದ ಅದರ ನೆತ್ತಿಯವರೆಗಿನ ಎತ್ತರ. 350ರಲ್ಲಿ 1.74, 5.70 ಮತ್ತು 1.56 ಸೇರಿ 9.00. ಹೊಸ ಕ್ರ್ಯಾಂಕಿನ ಅರ್ಧ ಓಡಾಟ 1.875. ಈಗ ಕೂಡಿದರೆ 9.135! ಪಿಸ್ಟನ್ ಬ್ಲಾಕಿನಿಂದ ಹೊರಗೆ ತಲೆ ಹಾಕಿ ಮೇಲಿನ ಮುಚ್ಚಳಕ್ಕೆ ಬಡಿಯುತ್ತದೆ. ಪರಿಹಾರ? 1.425 ಇಂಚು ಎತ್ತರದ ಗಿಡ್ಡ ಪಿಸ್ಟನ್. ಮತ್ತೆ 9.00! ಬ್ಯಾಂಕಿನಲ್ಲಿ ದಿನವೂ ಸಂಜೆ ಲೆಕ್ಕ ತಾಳೆ ನೋಡುತ್ತಿದ್ದ ನನಗೆ ಇದು ಬಹಳ ಹಿಡಿಸಿತು. ಒಂದು ಕಡೆ ಏರಿದ್ದನ್ನು ಇನ್ನೊಂದು ಕಡೆ ಇಳಿಸಲೇಬೇಕು.

ಕೆಲಸ ಅಲ್ಲಿಗೇ ಮುಗಿಯದು. 400ರ ಕ್ರ್ಯಾಂಕ್ ಬೇರಿಂಗಿನ ಮೇಲೆ ಕೂರುವ ಜಾಗದ ದಪ್ಪ 2.65 ಇಂಚು, 350ರಲ್ಲಿ 2.45. ಅದನ್ನು ಉಜ್ಜಿ ಸಣ್ಣದು ಮಾಡಬೇಕು. ಪಿಸ್ಟನ್ನಿನ ತೂಕ ಬದಲಾದರೆ ಕ್ರ್ಯಾಂಕಿನ ಸಮತೂಕವನ್ನೂ ಹೊಸದಾಗಿ ನೋಡಬೇಕು. ನಿಮಿಷಕ್ಕೆ 6,000 ಸುತ್ತು ಎಂದರೆ ಸೆಕೆಂಡಿಗೆ ನೂರು! ವೇಗ ಎರಡರಷ್ಟಾದರೆ ರಾಡಿನ ಮೇಲಿನ ಎಳೆತ ನಾಲ್ಕರಷ್ಟಾಗುತ್ತದೆ.

ಬಿಸಿಯದ್ದು ಇನ್ನೊಂದು ಕಥೆ. ಒತ್ತಿ ಬಡಿದು ಮಾಡಿದ ಗಟ್ಟಿ ಪಿಸ್ಟನ್‌ಗಳಲ್ಲಿ ಹಲವು, ಅಚ್ಚಿನಲ್ಲಿ ಎರಕ ಹೊಯ್ದವುಗಳಿಗಿಂತ ಹೆಚ್ಚು ಹಿಗ್ಗುತ್ತವೆ. ಅವಕ್ಕೆ ಸಿಲಿಂಡರಿನಲ್ಲಿ ಸ್ವಲ್ಪ ಹೆಚ್ಚು ಸಂದು ಬಿಡಬೇಕು. ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವೆಯೂ ಸಂದು ಬೇಕು. ಇಲ್ಲದಿದ್ದರೆ ಬಿಸಿಗೆ ತುದಿಗಳು ಕೂಡಿ, ರಿಂಗ್ ಬಿಗಿದು ಪಿಸ್ಟನ್ನೇ ಒಡೆಯುತ್ತದೆ. ರಾಡ್ ಮುರಿದರಂತೂ ಬ್ಲಾಕಿನ ಗೋಡೆಯೇ ತೂತು. ತಿಂಗಳುಗಟ್ಟಲೆ ಕೂಡಿಟ್ಟ ಹಣ ಒಂದೇ ಕ್ಷಣದಲ್ಲಿ ಗುಜರಿಗೆ.

ಅದಕ್ಕೇ ಪಳಗಿದವರು ಎಷ್ಟು ಶಕ್ತಿ, ಎಷ್ಟು ವೇಗ, ಯಾವ ಇಂಧನ ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ಭಾಗಗಳನ್ನು ಒಟ್ಟಾಗಿ ಆರಿಸುತ್ತಾರೆ. ಜೋಡಿಸಿದ ಮೇಲೆ ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಎಲ್ಲಿಯೂ ತಾಗುತ್ತಿಲ್ಲ ಎಂದು ಖಾತ್ರಿಯಾದ ಮೇಲೇ ಚಾಲೂ ಮಾಡುತ್ತಾರೆ.

ಈಗ ನಿಮಗೊಂದು ಲೆಕ್ಕ. ಹೊಸ ಎಂಜಿನ್ನಿನ ಸಿಲಿಂಡರನ್ನು 4 ಇಂಚಿನಿಂದ 4.03 ಇಂಚು ಅಗಲಕ್ಕೆ ಕೊರೆಯುತ್ತಾರೆ. ಓಡಾಟ 3.75 ಇಂಚು, ಸಿಲಿಂಡರ್ ಎಂಟು. ಒಟ್ಟು ಘನ ಇಂಚು ಎಷ್ಟು? ಅಜ್ಜನ ಜೊತೆ ಕುಳಿತು ಮಾಡಿ. ಉತ್ತರ 383ರ ಹತ್ತಿರ ಬಂದರೆ ಶಭಾಷ್! ಆ ಎಂಜಿನ್ನನ್ನು ಅಲ್ಲಿನವರು ಕರೆಯುವುದೂ ‘383’ ಎಂದೇ.