ಆಲೂಗಡ್ಡೆ, ಅರ್ಥಶಾಸ್ತ್ರ, ಬಿಎಡ್

ಆಲೂಗಡ್ಡೆ ಭರ್ಜರಿಯಾಗಿ ಬಂದ ವರ್ಷವೇ
ರೈತನ ಕೈಗೆ ದುಡ್ಡು ಕಮ್ಮಿ. ಯಾಕೆ?

ಹಾಸನದವರಿಗೆ ಈ ಪ್ರಶ್ನೆ ಹೊಸದಲ್ಲ.
ಉತ್ತರ ಇರೋದು ಬಿಎ ಅರ್ಥಶಾಸ್ತ್ರದಲ್ಲಿ.

ಎಲ್ಲರ ಮಾಲೂ ಒಟ್ಟಿಗೆ ಮಾರುಕಟ್ಟೆಗೆ ಬಂತು.
ರೇಟು ಇಳೀತು ಅಂತ
ನಾವೇನು ಎರಡು ಪಟ್ಟು ಆಲೂಗಡ್ಡೆ ತಿಂತೀವಾ? ಇಲ್ಲ.
ಬೆಲೆ ಇನ್ನೂ ಕುಸಿಯುತ್ತೆ.

ಅರಕಲಗೂಡು ಕಡೆಯವರು
ರಾಮನಾಥಪುರದ ತಂಬಾಕು ಹರಾಜು ನೋಡಿರ್ತೀರಿ.
ಚನ್ನರಾಯಪಟ್ಟಣದವರು
ತೆಂಗಿನಕಾಯಿ ರೇಟು ಕೇಳ್ಕೊಂಡೇ ಬೆಳೆದಿರ್ತೀರಿ.
ಅರ್ಧ ಪಾಠ ನಿಮಗೆ ಆಗಲೇ ಗೊತ್ತು!

ಆದರೆ ಗೊತ್ತಿರೋದು ಬೇರೆ, ಕಲಿಸೋದು ಬೇರೆ.
ಬಿಎ 3 ವರ್ಷ, ಆಮೇಲೆ ಬಿಎಡ್ 2 ವರ್ಷ.
ಇವೆರಡೂ ಜೋಡೆತ್ತು ಇದ್ದಂಗೆ.
ಒಂದು ಹಿಂದೆ ಬಿದ್ದರೂ ಗಾಡಿ ದಾರಿ ಬಿಡುತ್ತೆ.

ಬಿಎಡ್‌ನಲ್ಲಿ ನನಗೆ ತುಂಬಾ ಇಷ್ಟವಾಗೋದು ಶಾಲಾ ಇಂಟರ್ನ್‌ಶಿಪ್.
ಪಾಠಯೋಜನೆ ಬರೆದು,
ನಿಜವಾದ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಬೇಕು.
ಹಿಂದಿನ ಬೆಂಚಿನ ಮಗುವಿಗೂ ಅರ್ಥವಾಗಬೇಕು.

ಹೈಸ್ಕೂಲ್ ಸಮಾಜ ವಿಜ್ಞಾನದಲ್ಲಿ
ಇತಿಹಾಸ, ಭೂಗೋಳದ ಜೊತೆ ಅರ್ಥಶಾಸ್ತ್ರವೂ ಇದೆ.
ಮೇಷ್ಟ್ರಾಗೋ ಆಸೆಯಿದ್ರೆ,
ಬಿಎ ಸೇರುವಾಗಲೇ ಯಾವ ವಿಷಯಗಳ ಜೋಡಿ ಅಂತ ನೋಡ್ಕೊಳ್ಳಿ.

ಡಿಗ್ರಿ ಮಾಡೋಕೆ ಮೈಸೂರಿಗೇ ಹೋಗಬೇಕಿಲ್ಲ.
ಹೊಳೆನರಸೀಪುರದಲ್ಲೂ ಸರ್ಕಾರಿ ಕಾಲೇಜಿದೆ.
ಹಿಂದೆ ಮೈಸೂರು ವಿವಿಯ ಪಿಜಿ ಕೇಂದ್ರವಾಗಿದ್ದ ಹೇಮಗಂಗೋತ್ರಿಯಲ್ಲಿ
ಆಮೇಲೆ ಹಾಸನ ವಿಶ್ವವಿದ್ಯಾಲಯವೇ ಶುರುವಾಯ್ತು.