ತುರ್ತು ಸಂದರ್ಭಗಳಲ್ಲಿ ಶ್ರವಣದೋಷವುಳ್ಳ ನೌಕರರ ಸುರಕ್ಷತೆ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮಹದೇವಪುರ, ವೈಟ್‌ಫೀಲ್ಡ್ ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ಅಪಾಯದ ಸೂಚನೆಯೆಂದರೆ ಸಾಮಾನ್ಯವಾಗಿ ಸೈರನ್ ಇಲ್ಲವೇ ಮೇಲ್ವಿಚಾರಕರ ಕೂಗು. ಇವೆರಡೂ ಕಿವಿಯನ್ನೇ ಅವಲಂಬಿಸಿವೆ. ಶ್ರವಣದೋಷವುಳ್ಳ ನೌಕರನು ಸಹೋದ್ಯೋಗಿಗಳ ನಡುವೆ ಇರುವಾಗ ಇತರರ ಓಡಾಟವನ್ನು ಕಂಡು ಎಚ್ಚೆತ್ತುಕೊಳ್ಳಬಲ್ಲನು. ಆದರೆ ಉಗ್ರಾಣದಲ್ಲಿಯೋ ಶೌಚಾಲಯದಲ್ಲಿಯೋ ಒಬ್ಬನೇ ಇದ್ದಾಗ, ಉಳಿದವರೆಲ್ಲರೂ ಹೊರಬಂದ ಮೇಲೂ ಆತನು ಒಳಗೇ ಉಳಿದುಬಿಡುವ ಸಂಭವವುಂಟು.

ಸಮಸ್ಯೆಯ ವ್ಯಾಪ್ತಿ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ 50 ಲಕ್ಷಕ್ಕೂ ಅಧಿಕ. ಪ್ರೆಸ್, ಗ್ರೈಂಡಿಂಗ್ ಮುಂತಾದ ವಿಭಾಗಗಳಲ್ಲಿ ಹಲವು ವರ್ಷ ದುಡಿದು ಕ್ರಮೇಣ ಶ್ರವಣಶಕ್ತಿ ಕಳೆದುಕೊಂಡವರು ತಮ್ಮ ನ್ಯೂನತೆಯನ್ನು ಹೇಳಿಕೊಳ್ಳದೆಯೂ ಇರಬಹುದು. ಕಿವಿರಕ್ಷಕ ಧರಿಸಿದ ಆರೋಗ್ಯವಂತ ಕಾರ್ಮಿಕನಿಗೂ ಯಂತ್ರಗಳ ಗದ್ದಲದಲ್ಲಿ ಸೈರನ್ ಕೇಳಿಸದಿರಬಹುದು. ಆದುದರಿಂದ ಕಣ್ಣಿಗೆ ಕಾಣುವ ಸೂಚನೆಯು ಎಲ್ಲ ಕಾರ್ಮಿಕರಿಗೂ ಉಪಯುಕ್ತ.

2010ರ ಫೆಬ್ರವರಿ 23ರಂದು ನಗರದ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿ ಅನಾಹುತದಲ್ಲಿ 9 ಮಂದಿ ಮೃತಪಟ್ಟರು. ಹೊಗೆ ತುಂಬಿದ ಕಟ್ಟಡದಲ್ಲಿ ಒಂದೊಂದು ನಿಮಿಷವೂ ಎಷ್ಟು ಅಮೂಲ್ಯವೆಂಬುದನ್ನು ಆ ಘಟನೆ ತೋರಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಭಾಗದ ಬಡಾವಣೆಗಳು ಜಲಾವೃತವಾದಾಗ ಜನರನ್ನು ದೋಣಿ ಹಾಗೂ ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಇಂತಹ ವೇಳೆಯಲ್ಲಿ ವಿದ್ಯುತ್ ಕಡಿತಗೊಂಡರೆ ತುಟಿಯ ಚಲನೆಯಾಗಲಿ ಕೈಸನ್ನೆಯಾಗಲಿ ಕತ್ತಲಲ್ಲಿ ಕಾಣಿಸದು.

ಕಾನೂನಿನ ಹೊಣೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಮು ಅಪಾಯದ ಸನ್ನಿವೇಶಗಳಲ್ಲಿ ವಿಕಲಚೇತನರಿಗೆ ಸಮಾನ ರಕ್ಷಣೆಯ ಹಕ್ಕು ನೀಡಿದೆ. 21ನೇ ಕಲಮಿನಂತೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳ ನೀತಿಯಲ್ಲಿ ಇರಬೇಕಾದ ವಿವರಗಳನ್ನು 2017ರ ನಿಯಮಗಳು ಸೂಚಿಸಿವೆ. ತುರ್ತು ಸೂಚನೆಯ ವ್ಯವಸ್ಥೆಯನ್ನೂ ಈ ನೀತಿಯಲ್ಲಿಯೇ ಸೇರಿಸುವುದು ಸೂಕ್ತ.

ಕೈಗೊಳ್ಳಬಹುದಾದ ಕ್ರಮಗಳು

1. ಸೈರನ್‌ಗೆ ಮಿನುಗು ದೀಪಗಳನ್ನು ಜೋಡಿಸಬೇಕು. ಶೌಚಾಲಯ, ಉಗ್ರಾಣ, ವಿಶ್ರಾಂತಿ ಕೊಠಡಿಗಳನ್ನು ಮರೆಯಬಾರದು. ಅತಿವೇಗದ ಮಿನುಗು ಅಪಸ್ಮಾರವುಳ್ಳವರಿಗೆ ಅಪಾಯಕಾರಿಯಾದುದರಿಂದ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಬಾರಿ ಮಿನುಗದ ದೀಪಗಳನ್ನು ಆಯ್ದು, ಬ್ಯಾಟರಿಯ ಆಸರೆ ಒದಗಿಸಬೇಕು.

2. ಪ್ರತಿ ಪಾಳಿಯಲ್ಲಿಯೂ ಶ್ರವಣದೋಷವುಳ್ಳ ನೌಕರನಿಗೆ ಇಬ್ಬರು ಜೊತೆಗಾರರನ್ನು ನೇಮಿಸಬೇಕು. ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ಹೊಣೆ ಹೊರಬೇಕು.

3. ‘ಬೆಂಕಿ’, ‘ಹೊರಗೆ ನಡೆ’, ‘ನಿಲ್ಲು’, ‘ಗಾಯವಾಗಿದೆಯೇ’ ಎಂಬ ಸನ್ನೆಗಳನ್ನು ಎಲ್ಲರಿಗೂ ಕಲಿಸಬೇಕು. ಇವನ್ನು ಶ್ರವಣದೋಷವುಳ್ಳ ನೌಕರರಿಂದಲೇ ಕಲಿಯುವುದು ಉತ್ತಮ. ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ 10,000 ಪದಗಳ ಸಂಜ್ಞಾ ನಿಘಂಟನ್ನು ಹೊರತಂದಿದೆ.

4. ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿರುವುದರಿಂದ ಉದ್ದನೆಯ ಬರಹ ಎಲ್ಲರಿಗೂ ಸುಲಭವಾಗಿ ಅರ್ಥವಾಗದು. ಚಿತ್ರ ಹಾಗೂ ಒಂದೆರಡು ಪದಗಳುಳ್ಳ ಫಲಕಗಳೇ ಮೇಲು.

5. ಮಾತನಾಡುವಾಗ ಎದುರಿಗೆ ನಿಂತು, ಮುಖದ ಮೇಲೆ ಬೆಳಕು ಬೀಳುವಂತೆ, ಮುಖಗವಸು ಇಳಿಸಿ ನಿಧಾನವಾಗಿ ಮಾತನಾಡಬೇಕು. ಕಿರುಚುವುದರಿಂದ ತುಟಿಯ ಚಲನೆ ವಿರೂಪಗೊಳ್ಳುತ್ತದೆಯೇ ಹೊರತು ಪ್ರಯೋಜನವಿಲ್ಲ.

6. ‘112 ಇಂಡಿಯಾ’ ಆ್ಯಪ್‌ನ ಬಳಕೆಯನ್ನು ನೌಕರರಿಗೆ ತಿಳಿಸಿಕೊಡಬೇಕು. 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಪರೀಕ್ಷಿಸಲಾದ ಮೊಬೈಲ್ ತುರ್ತು ಎಚ್ಚರಿಕೆಯು ಬರಹ ಮತ್ತು ಕಂಪನದೊಂದಿಗೆ ಬರುವುದರಿಂದ, ಫೋನಿನಲ್ಲಿ ಆ ಸೌಲಭ್ಯ ಚಾಲನೆಯಲ್ಲಿರುವಂತೆ ನೋಡಿಕೊಳ್ಳಬೇಕು.

ಅಣಕು ಕಾರ್ಯಾಚರಣೆಯೇ ಪರೀಕ್ಷೆ

ವ್ಯವಸ್ಥೆಯ ಲೋಪಗಳು ಅಣಕು ಕಾರ್ಯಾಚರಣೆಯಲ್ಲಿ ಬಯಲಾಗುತ್ತವೆ. ಒಮ್ಮೆಯಾದರೂ ಸೈರನ್ ಮೊಳಗಿಸದೆ, ಕೇವಲ ದೀಪದ ಸೂಚನೆಯಿಂದ ಕಟ್ಟಡವನ್ನು ತೆರವುಗೊಳಿಸಿ ನೋಡಬೇಕು. ಹೊರಗಿನ ಸೇರುವೆಡೆಯಲ್ಲಿ ಹೆಸರು ಕೂಗಿ ಹಾಜರಿ ಪಡೆಯುವ ಬದಲು ಮುಖ ನೋಡಿ ತಲೆ ಎಣಿಸಬೇಕು. ಕೂಗಿಗೆ ಓಗೊಡದವನು ಒಳಗಿದ್ದಾನೆಯೋ ಹೊರಗಿದ್ದಾನೆಯೋ ಎಂಬ ಗೊಂದಲ ಆಗ ಉಂಟಾಗದು.

ಮೇಲಿನ ಕ್ರಮಗಳಲ್ಲಿ ಹಣ ಬೇಡುವುದು ಮುಖ್ಯವಾಗಿ ದೀಪಗಳ ಜೋಡಣೆಯೊಂದೇ. ಉಳಿದವಕ್ಕೆ ಬೇಕಾದುದು ಕೆಲವು ಗಂಟೆಗಳ ತರಬೇತಿ ಮತ್ತು ಮಾಲೀಕರ ಆಸಕ್ತಿ. ಮುಂದಿನ ಅಣಕು ಕಾರ್ಯಾಚರಣೆಗೆ ಮುನ್ನ ತಮ್ಮ ಘಟಕದಲ್ಲಿ ಸೈರನ್ ಯಾರಿಗೆ ಕೇಳಿಸುವುದಿಲ್ಲ ಎಂಬುದನ್ನು ಪಾಳಿವಾರು ಪಟ್ಟಿ ಮಾಡಿಕೊಳ್ಳುವುದು ಉದ್ಯಮಿಗಳು ಇಡಬೇಕಾದ ಮೊದಲ ಹೆಜ್ಜೆ.