ಮಗುವಿನ ಕಣ್ಣಳತೆಯ ಕಪಾಟು

ಹೊಸದುರ್ಗದ ಕಡೆಯ ತೆಂಗಿನ ತೋಟದ ಮನೆಗಳಲ್ಲಿ ಸುಲಿಯದ ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ, ಅದು ಎಂಟು ಹತ್ತು ತಿಂಗಳು, ಕೆಲವು ವೇಳೆ ವರ್ಷಪರ್ಯಂತ, ಅಲ್ಲಿಯೇ ಬಿದ್ದಿದ್ದು, ಒಳಗಣ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಕಿವಿಯ ಬಳಿ ಆಡಿಸಿದಾಗ ಗಡಗಡನೆ ಸದ್ದುಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ರಾಗಿಯನ್ನು ಹಗೇವಿನಲ್ಲಿ ಹೂಳಿ, ಕಾಳನ್ನು ಗುಡಾಣದಲ್ಲಿ ತುಂಬಿ, ದೊಡ್ಡ ಗಡಿಗೆಯ ಮೇಲೆ ಅದಕ್ಕಿಂತ ಚಿಕ್ಕದನ್ನೂ ಅದರ ಮೇಲೆ ಇನ್ನೂ ಚಿಕ್ಕದನ್ನೂ ಅಡಕಲಾಗಿ ಪೇರಿಸಿ ಸಂಸಾರ ನಡೆಸಿದ ಬಯಲುಸೀಮೆಯ ಗೃಹಿಣಿಗೆ ವಸ್ತುಸಂಗ್ರಹದ ಶಾಸ್ತ್ರವನ್ನು ಹೊರಗಿನವರು ಬಂದು ಬೋಧಿಸಬೇಕಾಗಿರಲಿಲ್ಲ. ಆದರೆ ಈ ಎಲ್ಲ ಏರ್ಪಾಡುಗಳಿಗೂ ಎರಡು ಆಧಾರಗಳುಂಟು: ಇಟ್ಟ ವಸ್ತುವು ಮುಟ್ಟದೆ ಬಿಟ್ಟಷ್ಟೂ ಒಳ್ಳೆಯದೆಂಬುದು ಒಂದು, ಯಾವುದು ಯಾವ ಗಡಿಗೆಯ ತಳದಲ್ಲಿದೆಯೆಂಬುದನ್ನು ವರ್ಷಗಟ್ಟಲೆ ನೆನಪಿನಲ್ಲಿ ಧರಿಸಿರುವ ಒಬ್ಬ ಪ್ರೌಢ ವ್ಯಕ್ತಿ ಮನೆಯಲ್ಲಿದ್ದಾಳೆಂಬುದು ಇನ್ನೊಂದು.

ಮಕ್ಕಳ ಆಟಿಕೆಗಳ ವಿಷಯದಲ್ಲಿ ಈ ಎರಡೂ ಆಧಾರಗಳು ಕುಸಿದುಬೀಳುತ್ತವೆ. ಆದರೂ ನಾವು ಅವನ್ನು ಅಡಕಲಿನ ಕ್ರಮದಲ್ಲಿಯೇ ಇಡುತ್ತಿದ್ದೇವೆ. ಚಿತ್ರದುರ್ಗದ ಪೇಟೆಯ ಮನೆಯಾಗಲಿ, ಹೊಳಲ್ಕೆರೆಯ ತೋಟದ ಮನೆಯಾಗಲಿ, ಆಟಿಕೆಗಳಿಗೆಂದು ಒಂದು ದೊಡ್ಡ ಪ್ಲಾಸ್ಟಿಕ್ ಬುಟ್ಟಿಯನ್ನೋ ಗೋಣಿಚೀಲವನ್ನೋ ಗೊತ್ತುಮಾಡಿ, ಸಾಯಂಕಾಲ ಸಿಕ್ಕಿದ್ದನ್ನೆಲ್ಲ ಅದರೊಳಗೆ ತುಂಬಿ ಮೂಲೆಗೆ ತಳ್ಳುವುದು ವಾಡಿಕೆ. ಮರುದಿನ ಬೆಳಿಗ್ಗೆ ಮಗುವು ಬುಟ್ಟಿಯನ್ನು ಬೋರಲು ಹಾಕಿ ಅಂಗಳ ತುಂಬ ಚೆಲ್ಲಿದರೆ ಅದನ್ನು ತುಂಟತನವೆಂದು ಗದರುತ್ತೇವೆ. ತಳದಲ್ಲಿರುವ ವಸ್ತುವನ್ನು ಕಾಣಬೇಕಾದರೆ ಮೇಲಿನದನ್ನೆಲ್ಲ ಸುರಿಯದೆ ಅದಕ್ಕೆ ಬೇರೆ ಉಪಾಯವಾದರೂ ಏನಿದೆ? ಮನೆಯ ಅಸ್ತವ್ಯಸ್ತತೆಗೆ ಮಗುವಿನ ಸ್ವಭಾವಕ್ಕಿಂತ ಬುಟ್ಟಿಯ ಆಕಾರವೇ ಹೆಚ್ಚು ಹೊಣೆಯೆಂದು ನನ್ನ ಅಭಿಪ್ರಾಯ.

ಚೆಲ್ಲಿದ ರಾಶಿಯ ನಡುವೆ ಕುಳಿತ ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನು ಅಮೆರಿಕದ ಓಹಾಯೋ ಸಂಸ್ಥಾನದ ಟೊಲೀಡೊ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಒಂದೂವರೆಯಿಂದ ಎರಡೂವರೆ ವರ್ಷದೊಳಗಿನ 36 ಮಕ್ಕಳನ್ನು, ಒಮ್ಮೆ ನಾಲ್ಕು ಆಟಿಕೆಗಳಿದ್ದ ಕೋಣೆಯಲ್ಲಿಯೂ ಮತ್ತೊಮ್ಮೆ ಹದಿನಾರು ಆಟಿಕೆಗಳಿದ್ದ ಕೋಣೆಯಲ್ಲಿಯೂ, ಹದಿನೈದು ಹದಿನೈದು ನಿಮಿಷ ಸ್ವೇಚ್ಛೆಯಾಗಿ ಆಡಲು ಬಿಟ್ಟು ನೋಡಿದಾಗ, ನಾಲ್ಕೇ ಇದ್ದ ಸಂದರ್ಭದಲ್ಲಿ ಮಕ್ಕಳು ಒಂದೊಂದು ಆಟಿಕೆಯೊಡನೆ ಹೆಚ್ಚು ಹೊತ್ತು ನಿಂತರು. ಅಷ್ಟೇ ಅಲ್ಲದೆ ಒಂದೇ ವಸ್ತುವನ್ನು ಹೆಚ್ಚು ಬಗೆಗಳಲ್ಲಿ ಬಳಸಿದರು. ಹದಿನಾರು ಇದ್ದಾಗ, ಒಂದನ್ನು ಹಿಡಿದು ಅದರ ಗುಣವನ್ನು ಅರಿಯುವ ಮೊದಲೇ ಕಣ್ಣು ಇನ್ನೊಂದರ ಮೇಲೆ ಬಿದ್ದು, ಕೈಯಲ್ಲಿದ್ದುದು ನೆಲ ಸೇರುತ್ತಿತ್ತು. ಕಣ್ಣೆದುರಿಗಿರುವ ವಸ್ತುಗಳೆಲ್ಲವೂ ಮೆದುಳಿನ ದೃಷ್ಟಿಕೇಂದ್ರಗಳಲ್ಲಿ ತಮ್ಮ ತಮ್ಮ ಪಾಲಿಗಾಗಿ ಪರಸ್ಪರ ಸ್ಪರ್ಧಿಸುತ್ತವೆ. ಬೇಡದುದನ್ನು ಅದುಮಿ ಬೇಕಾದುದರ ಮೇಲೆ ನೆಲೆನಿಲ್ಲುವ ಸಾಮರ್ಥ್ಯವು ಹಣೆಯ ಹಿಂಭಾಗದ ಮೆದುಳಿನದು. ಆ ಭಾಗವಾದರೋ ಪಕ್ವವಾಗುವುದು ಇಪ್ಪತ್ತರ ಪ್ರಾಯವನ್ನು ದಾಟಿದ ಮೇಲೆ.

ನಾಲ್ಕೆಂಬ ಈ ಸಂಖ್ಯೆಗೆ ಹಳೆಯ ಇತಿಹಾಸವೊಂದಿದೆ. ಇಂಗ್ಲೆಂಡಿನ ತರ್ಕಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬಾತನು 1871ರಲ್ಲಿ, ಹಿಡಿ ತುಂಬ ಅವರೆಯಂಥ ಕಾಳನ್ನು ಪೆಟ್ಟಿಗೆಯೊಂದರತ್ತ ಎಸೆದು, ಒಳಗೆ ಬಿದ್ದವೆಷ್ಟೆಂಬುದನ್ನು ಎಣಿಸದೆ ಒಂದೇ ನೋಟಕ್ಕೆ ಹೇಳಲು ಯತ್ನಿಸಿ, ಆಮೇಲೆ ಎಣಿಸಿ ತಾಳೆ ನೋಡುವ ಪ್ರಯೋಗವನ್ನು ಸಾವಿರಕ್ಕೂ ಹೆಚ್ಚು ಬಾರಿ ತನ್ನ ಮೇಲೆಯೇ ಮಾಡಿಕೊಂಡನು. ನಾಲ್ಕರವರೆಗೆ ಅವನ ನೋಟವು ಒಮ್ಮೆಯೂ ತಪ್ಪಲಿಲ್ಲ. ಐದರಿಂದ ತಪ್ಪುಗಳು ಆರಂಭವಾದವು. ನಮ್ಮ ಅಳಗುಳಿಮಣೆಯಲ್ಲಿ ನುರಿತ ಅಜ್ಜಿಯೊಬ್ಬಳು ಹದಿನಾಲ್ಕು ಗುಳಿಗಳ ಮೇಲೆ ಕಣ್ಣಾಡಿಸುವಾಗ, ಎರಡು ಮೂರು ನಾಲ್ಕು ಬೀಜಗಳಿರುವ ಗುಳಿಯನ್ನು ನೋಡಿದಾಕ್ಷಣವೇ ತಿಳಿದು, ತುಂಬಿದ ಗುಳಿಯನ್ನು ಮಾತ್ರ ಬೆರಳಾಡಿಸಿ ಎಣಿಸುವುದನ್ನು ಹತ್ತಿರ ಕುಳಿತು ಕಂಡವರಿಗೆ ಜೆವನ್ಸನ ಫಲಿತಾಂಶವು ಹೊಸತೆನಿಸದು. ಏಕಕಾಲದಲ್ಲಿ ಮನಸ್ಸು ಹಿಡಿದಿಡಬಲ್ಲ ವಿಷಯಗಳ ಸಂಖ್ಯೆಯೂ ವಯಸ್ಕರಲ್ಲಿ ಹೆಚ್ಚುಕಡಿಮೆ ನಾಲ್ಕೇ ಎಂದು ಇಂದಿನ ಮನಶ್ಶಾಸ್ತ್ರಜ್ಞರಲ್ಲಿ ಅನೇಕರು ಎಣಿಸುತ್ತಾರೆ. ಎಳೆಯ ಮಕ್ಕಳಲ್ಲಿ ಅದು ಇನ್ನೂ ಕಡಿಮೆ.

ಹಾಗಾದರೆ ಉಳಿದ ಆಟಿಕೆಗಳನ್ನು ಬಿಸಾಡಬೇಕೆ? ಬೇಕಿಲ್ಲ. ಅದಕ್ಕೆ ನಮ್ಮ ದಸರೆಯ ಗೊಂಬೆಗಳೇ ಮೇಲ್ಪಂಕ್ತಿಯಾಗಿವೆ. ವರ್ಷವೆಲ್ಲ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ಟ್ರಂಕಿನಲ್ಲಿ ಮಲಗಿದ್ದ ಪಟ್ಟದ ಗೊಂಬೆ, ಶೆಟ್ಟಿ, ಶೆಟ್ಟಿತಿ, ಚನ್ನಪಟ್ಟಣದ ಅರಗಿನ ಬಣ್ಣದ ಬಂಡಿ, ಇವು ನವರಾತ್ರಿಯಲ್ಲಿ ಮೆಟ್ಟಿಲೇರಿದಾಗ, ಕಳೆದ ವರ್ಷ ಕಂಡಿದ್ದ ಮಗುವೇ ಅವನ್ನು ಮೊದಲ ಬಾರಿಗೆ ಕಾಣುವಂತೆ ಬೆರಗಾಗಿ ನೋಡುತ್ತದೆ. ಪದೇ ಪದೇ ಕಂಡುದರಲ್ಲಿ ಶಿಶುವಿನ ನೋಟವು ಕ್ರಮೇಣ ಕುಗ್ಗಿ, ಹೊಸದರತ್ತ ತಿರುಗುತ್ತದೆಂಬುದನ್ನು ರಾಬರ್ಟ್ ಫ್ಯಾಂಟ್ಸ್ ಎಂಬ ವಿಜ್ಞಾನಿಯು 1964ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಮರೆಯಾಗಿದ್ದು ಮರಳಿ ಬಂದ ವಸ್ತುವೂ ಹೊಸತನದ ಈ ಮರ್ಯಾದೆಯಲ್ಲಿ ಕೊಂಚ ಪಾಲನ್ನು ಪಡೆಯುತ್ತದೆ. ಆಟಿಕೆಗಳನ್ನು ಮೂರೋ ನಾಲ್ಕೋ ಪಾಲುಮಾಡಿ, ಒಂದು ಪಾಲನ್ನು ಹೊರಗಿಟ್ಟು, ಉಳಿದವನ್ನು ಅಟ್ಟಕ್ಕೆ ಕಳುಹಿಸಿ, ಮಗುವಿನ ಆಸಕ್ತಿ ತಗ್ಗಿದಂತೆ ಕಂಡಾಗ ಅದಲು ಬದಲು ಮಾಡುತ್ತ ಬಂದರೆ ಸಾಕು. ಮಗುವು ದಿನವೂ ಅಪ್ಪಿಕೊಂಡು ಮಲಗುವ ಬಟ್ಟೆಯ ಗೊಂಬೆಯೊಂದಿದ್ದರೆ, ಅದನ್ನು ಈ ವಿನಿಮಯದಿಂದ ಹೊರಗಿಡುವುದು ಮನೆಯ ಶಾಂತಿಗೆ ಕ್ಷೇಮ.

ಇನ್ನು ಹೊರಗಿಟ್ಟುದನ್ನು ಎಲ್ಲಿ, ಹೇಗೆ ಇಡಬೇಕೆಂಬ ಪ್ರಶ್ನೆ. ಹಿರಿಯೂರಿನ ಮಾರಿಕಣಿವೆಯ ಅಣೆಕಟ್ಟು ಮುಗಿದ 1907ನೆಯ ಇಸವಿಯಲ್ಲಿಯೇ, ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮರಿಯಾ ಮಾಂಟೆಸೊರಿ ಎಂಬ ವೈದ್ಯೆಯು ತನ್ನ ಪ್ರಥಮ ಶಿಶುಗೃಹವನ್ನು ತೆರೆದಳು. ಅಲ್ಲಿ ಒಂದು ದಿನ ಉಪಾಧ್ಯಾಯಿನಿಯು ಸಾಮಗ್ರಿಗಳ ಕಪಾಟಿಗೆ ಬೀಗ ಹಾಕಲು ಮರೆತು, ತಡವಾಗಿ ಬಂದು ನೋಡಿದರೆ, ಮಕ್ಕಳು ಬಾಗಿಲು ತೆರೆದು ತಮಗೆ ಬೇಕಾದುದನ್ನು ತಾವೇ ಆರಿಸಿ ತೆಗೆದುಕೊಳ್ಳುತ್ತಿದ್ದರು. ಉಪಾಧ್ಯಾಯಿನಿಗೆ ಅದು ಕಳ್ಳತನವಾಗಿ ತೋರಿತು. ಮಾಂಟೆಸೊರಿಗೆ ಅದು ಆಯ್ಕೆಯ ಸಾಮರ್ಥ್ಯವಾಗಿ ತೋರಿ, ಎತ್ತರದ ಬೀಗದ ಕಪಾಟುಗಳ ಬದಲು ಮಕ್ಕಳ ಕೈಗೆಟಕುವ ತಗ್ಗಾದ ತೆರೆದ ಕಪಾಟುಗಳು ಬಂದವು. 1939ರಲ್ಲಿ ಅಡ್ಯಾರಿಗೆ ಬಂದು ಯುದ್ಧಕಾಲವನ್ನೆಲ್ಲ ಭಾರತದಲ್ಲಿಯೇ ಕಳೆದ ಆಕೆಯಿಂದ ತರಬೇತಿ ಪಡೆದವರು ನಮ್ಮ ದೇಶದಲ್ಲಿ ಬಹುಮಂದಿ.

ಆದರೆ ಇದೇ ತತ್ತ್ವವನ್ನು ಕಾಣಲು ನಮ್ಮ ಜನ ಅಡ್ಯಾರಿಗಾಗಲಿ ರೋಮಿಗಾಗಲಿ ಹೋಗಬೇಕಾದುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಯಾವುದೇ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯ ಬಾಗಿಲಲ್ಲಿ ನಿಂತರೆ ಸಾಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009–10ರ ವೇಳೆಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವ್ಯಾಪಿಸಿದ ಈ ಪದ್ಧತಿಯಲ್ಲಿ, ಪಾಠವು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ತಟ್ಟೆಗಳಲ್ಲಿ ಕುಳಿತಿರುತ್ತದೆ. ಕಾರ್ಡಿನ ಮೇಲೆ ಪ್ರಾಣಿಯದೋ ಪಕ್ಷಿಯದೋ ಚಿತ್ರವೊಂದಿರುತ್ತದೆ. ಅಕ್ಷರ ಬಾರದ ಮಗುವು ಗೋಡೆಯ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನ ಚಿತ್ರವನ್ನು ನೋಡಿ, ಅದೇ ಚಿತ್ರದ ತಟ್ಟೆಯಿಂದ ಕಾರ್ಡನ್ನು ತಾನೇ ಎತ್ತಿಕೊಂಡು, ಕೆಲಸ ಮುಗಿದೊಡನೆ ಅಲ್ಲಿಯೇ ತಂದಿಡುತ್ತದೆ. ನೆನಪಿನಿಂದ ಹೆಕ್ಕಿ ತೆಗೆಯುವುದು ಕಷ್ಟ, ಕಂಡುದನ್ನು ಗುರುತಿಸುವುದು ಸುಲಭ. ರೋಜರ್ ಶೆಪರ್ಡ್ ಎಂಬಾತನು 1967ರಲ್ಲಿ ಆರುನೂರಕ್ಕೂ ಮೇಲ್ಪಟ್ಟ ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಒಡನೆಯೇ ಪರೀಕ್ಷಿಸಿದಾಗ, ನೋಡಿದವರು ನೂರಕ್ಕೆ 98ರಷ್ಟನ್ನು ಸರಿಯಾಗಿ ಗುರುತಿಸಿದರು. ಮನೆಯಲ್ಲಿಯೂ, ಬಣ್ಣದ ಕಡ್ಡಿಗಳ ಡಬ್ಬಿಯ ಮೇಲೆ ಬಣ್ಣದ ಕಡ್ಡಿಯ ಚಿತ್ರವನ್ನೂ, ಗೋಲಿಗಳ ಡಬ್ಬಿಯ ಮೇಲೆ ಗೋಲಿಯ ಚಿತ್ರವನ್ನೂ ಮಗುವಿನ ಕೈಯಿಂದಲೇ ಬರೆಯಿಸಿ ಅಂಟಿಸಿದರೆ, 'ಎಲ್ಲಿಟ್ಟಿದ್ದೀಯೋ ಮಾರಾಯ' ಎಂಬ ತಾಯಿಯ ಕೂಗು ಅರ್ಧಕ್ಕರ್ಧ ತಗ್ಗೀತು. ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಗೂಡುಗಳಿರುವುದುಂಟು. ಬಾಗಿಲಿಲ್ಲದ, ಆಳವಿಲ್ಲದ, ಒಂದು ಸಾಲಿಗಿಂತ ಹೆಚ್ಚು ವಸ್ತು ಹಿಡಿಸದ ಆ ಗೂಡಿಗಿಂತ ಒಳ್ಳೆಯ ಆಟಿಕೆಯ ಕಪಾಟನ್ನು ಯಾವ ಅಂಗಡಿಯವನೂ ಮಾರಲಾರ.

ನಲಿ-ಕಲಿಯ ಕೋಣೆಯ ಬಗೆಗೆ ನನ್ನದೊಂದು ಸಂಶಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಕ್ಕಳು ಮಾಡಿದ ಕಾಗದದ ಹಕ್ಕಿ, ಹೂವು, ತೋರಣಗಳನ್ನೆಲ್ಲ ತಲೆಯ ಮೇಲೆ ಚಪ್ಪರ ಕಟ್ಟಿ ತೂಗುಹಾಕುವುದೂ, ಗೋಡೆಯ ಅಂಗುಲ ಅಂಗುಲವನ್ನೂ ಪಟಗಳಿಂದ ಮುಚ್ಚುವುದೂ ನೋಡಲು ಸೊಗಸು. ಆದರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ 24 ಶಿಶುವಿಹಾರದ ಮಕ್ಕಳಿಗೆ ಅಲಂಕೃತ ಕೋಣೆಯಲ್ಲಿ ಕೆಲವು ಪಾಠಗಳನ್ನೂ ಬರಿಗೋಡೆಯ ಕೋಣೆಯಲ್ಲಿ ಕೆಲವನ್ನೂ ಮಾಡಿ ನೋಡಿದಾಗ, ಪಾಠದಿಂದ ಮನಸ್ಸು ಹೊರಗೆ ಸುಳಿದ ಕಾಲವು ಮೊದಲನೆಯದರಲ್ಲಿ ನೂರಕ್ಕೆ 38.6, ಎರಡನೆಯದರಲ್ಲಿ 28.4, ಪರೀಕ್ಷೆಯ ಸರಿಯುತ್ತರಗಳಾದರೋ ಕ್ರಮವಾಗಿ 42 ಮತ್ತು 55. ಮಗುವು ಓದಲು ಕೂರುವ ಮೂಲೆಯ ಎದುರುಗೋಡೆಯನ್ನಾದರೂ ಬರಿದಾಗಿ ಬಿಡುವುದು ಮೇಲು. ಕೈಕೆಲಸದ ಪ್ರದರ್ಶನಕ್ಕೆ ನಡುಮನೆಯ ಗೋಡೆ ಇದ್ದೇ ಇದೆ.

ಕೈಕೆಲಸದ ಸಾಮಗ್ರಿಗಳ ಮಾತು ಬಂದಾಗ ವಿಂಗಡಣೆಯು ಅಂದದ ವಿಷಯವಾಗಿ ಉಳಿಯದೆ ಪ್ರಾಣದ ವಿಷಯವಾಗುತ್ತದೆ. ಹೊಳಲ್ಕೆರೆಯ ಅಡಿಕೆ ಹಾಳೆ, ಹೊಸದುರ್ಗದ ತೆಂಗಿನ ಗರಿ, ಹುಣಸೆಯ ಬೀಜ, ಗಜ್ಜುಗ, ಇವುಗಳಿಂದ ಮಕ್ಕಳು ಎಳೆಯುವ ಬಂಡಿಯನ್ನೂ ಊದುವ ಪೀಪಿಯನ್ನೂ ಮಾಡಿಕೊಳ್ಳುವುದು ಸಂತೋಷವೇ ಸರಿ. ಆದರೆ ಅದೇ ಡಬ್ಬಿಯಲ್ಲಿ ಕೆಂಪು ಮೈ, ಕಪ್ಪು ಮೂತಿಯ ಗುಲಗಂಜಿಯೂ ಇರುವುದುಂಟು. ಆ ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಗಟ್ಟಿಯಾದ ಹೊರಕವಚವು ಒಡೆಯದಿದ್ದರೆ ನುಂಗಿದ ಬೀಜವು ಬಹುಮಟ್ಟಿಗೆ ಹಾಗೆಯೇ ಹೊರಬೀಳುತ್ತದೆ. ಅಗಿದರೆ, ಅಥವಾ ಸರ ಪೋಣಿಸಲೆಂದು ಸೂಜಿಯಿಂದ ತೂತುಮಾಡಿದ್ದಾದರೆ, ವಿಷಕ್ಕೆ ದಾರಿ ತೆರೆದಂತೆಯೇ. ಹೊಲದ ಬದುವಿನ ಹರಳುಬೀಜದಲ್ಲಿಯೂ ಅದರ ಜಾತಿಯದೇ ಆದ ರಿಸಿನ್ ಇದೆ. ಬಾಯಿಗಿಡುವ ವಯಸ್ಸಿನ ಮಗುವಿರುವ ಮನೆಯಲ್ಲಿ ಇವೆರಡಕ್ಕೂ ಸ್ಥಳವಿಲ್ಲ.

ತೇರುಮಲ್ಲೇಶ್ವರನ ಜಾತ್ರೆಯಂಥ ಕಡೆಗಳಲ್ಲಿ ಗಿರಗಿಟ್ಲೆಯ ಪಕ್ಕದಲ್ಲಿಯೇ ಮಾರಾಟವಾಗುವ, ಮಿನುಗಿ ಹಾಡುವ ಅಗ್ಗದ ಆಟಿಕೆಗಳಲ್ಲಿ ಗುಂಡಿಯಾಕಾರದ ಬ್ಯಾಟರಿಯಿರುತ್ತದೆ. ಅದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯಾದ ಅಂಗಾಂಶದ ಮೂಲಕ ವಿದ್ಯುತ್ತು ಹರಿದು, ಅಲ್ಲಿಯೇ ಪ್ರಬಲ ಕ್ಷಾರವು ಹುಟ್ಟಿ, ಎರಡು ಗಂಟೆಗಳೊಳಗಾಗಿ ನಾಳವನ್ನು ಸುಡಬಲ್ಲದು. ಕಾಯುವುದಕ್ಕೆ ವ್ಯವಧಾನವಿಲ್ಲ, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆಯು ಕಡ್ಡಾಯವಾಗಿದೆ. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದ ಆಟಿಕೆಯನ್ನು, ಅದು ಎಷ್ಟು ಮುದ್ದಾಗಿ ಹಾಡಿದರೂ, ಮನೆಯೊಳಗೆ ಬಿಟ್ಟುಕೊಳ್ಳಲಾಗದು.

ಬಟ್ಟೆಯ ಬೀರುವಿನ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ದಿನಬಳಕೆಯ ಉಡುಪು ಮಗುವಿನ ಕೈಗೆ ಸಿಗುವ ಖಾನೆಯಲ್ಲಿರಲಿ, ಬೀರುವನ್ನು ಹಿಂದಿನ ಗೋಡೆಗೆ ಬಿಗಿದಿರಲಿ. ಕೆಳಗಣ ಖಾನೆಯನ್ನು ಮೆಟ್ಟಿಲಾಗಿಸಿ ಹತ್ತುವ ಮಗುವಿನ ಮೇಲೆ ಅದು ಮಗುಚಿಬೀಳುವ ಭಯವುಂಟು. ಆದರೆ ಚಿಕ್ಕದಾದ ಅಂಗಿಗಳನ್ನು ಮುಂದಿನ ಕೂಸಿಗೆಂದು ಟ್ರಂಕಿನಲ್ಲಿಟ್ಟು, ಮೇಲೆ ನಾಲ್ಕು ನುಸಿಗುಳಿಗೆ ಎಸೆಯುವ ರೂಢಿಯ ಬಗೆಗೆ ಎರಡು ಮಾತು ಅವಶ್ಯ. ಬಟ್ಟೆಯ ನುಸಿಯ ಮರಿಹುಳು ತಿನ್ನುವುದು ಉಣ್ಣೆ, ರೇಷ್ಮೆ, ಕೂದಲುಗಳಂಥ ಪ್ರಾಣಿಜನ್ಯ ನಾರನ್ನು. ಚಳ್ಳಕೆರೆಯ ಕಂಬಳಿಯೂ ಮೊಳಕಾಲ್ಮೂರಿನ ಸೀರೆಯೂ ಅದಕ್ಕೆ ಆಹಾರ, ಕೂಸಿನ ಹತ್ತಿಯ ಅಂಗಿಯಲ್ಲ. ಗುಳಿಗೆಯ ನ್ಯಾಫ್ತಲೀನ್ ದ್ರವವಾಗದೆ ನೇರವಾಗಿ ಆವಿಯಾಗಿ, ಬಟ್ಟೆಯ ಎಳೆ ಎಳೆಯಲ್ಲಿ ಸೇರಿಕೊಂಡು, ಅಲ್ಲಿಂದ ಶಿಶುವಿನ ಚರ್ಮ ಮತ್ತು ಉಸಿರಿನ ಮೂಲಕ ರಕ್ತವನ್ನು ಮುಟ್ಟುತ್ತದೆ. ರಕ್ತಕಣಗಳನ್ನು ರಕ್ಷಿಸುವ ಜಿ6ಪಿಡಿ ಎಂಬ ಕಿಣ್ವವು ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಕೊರತೆಯಾಗಿರುವುದರಿಂದ, ಅಂಥವರಲ್ಲಿ ಕೆಂಪು ಕಣಗಳು ಒಡೆದು, ಕಾಮಾಲೆ ತೀವ್ರವಾಗಿ, ಮೆದುಳಿಗೇ ಅಪಾಯ ಒದಗಿದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಯಾವ ಕೂಸಿನಲ್ಲಿ ಈ ಕೊರತೆಯಿದೆಯೆಂಬುದು ಹೊರನೋಟಕ್ಕೆ ತಿಳಿಯದು. ಆದ್ದರಿಂದ ಹತ್ತಿಯ ಬಟ್ಟೆಯನ್ನು ಒಗೆದು, ಬಯಲುಸೀಮೆಯಲ್ಲಿ ಧಾರಾಳವಾಗಿ ಸಿಗುವ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಬಿಗಿಯಾದ ಮುಚ್ಚಳದ ಪೆಟ್ಟಿಗೆಯಲ್ಲಿ ಗುಳಿಗೆಯಿಲ್ಲದೆಯೇ ಇಡತಕ್ಕದ್ದು. ಈಗಾಗಲೇ ಗುಳಿಗೆಯೊಡನೆ ಇಟ್ಟದ್ದಿದ್ದರೆ, ಒಗೆದು ಹಲವು ದಿನ ಗಾಳಿಗೆ ಹರವಿ, ಮೂಗಿಗೆ ಹಿಡಿದು ನೋಡಬೇಕು. ವಾಸನೆ ಸ್ವಲ್ಪವಾದರೂ ಬರುತ್ತಿದ್ದರೆ ನ್ಯಾಫ್ತಲೀನ್ ಇನ್ನೂ ಎಳೆಗಳಲ್ಲಿದೆಯೆಂದೇ ತಿಳಿದು ಮತ್ತೊಮ್ಮೆ ಒಗೆಯಬೇಕು.